ಬಲ ಹೆಗಲಿನ ಜನಿವಾರ

ಟೀವಿಯ ಆ ಹಾಸ್ಯ ಧಾರಾವಾಹಿಯನ್ನು ನಮ್ಮ ಮೊಮ್ಮಕ್ಕಳು ಊಟ ಬಿಟ್ಟು ನೋಡುತ್ತಾರೆ. ಒಂದು ಬಾಡಿಗೆ ಮನೆ, ಒಬ್ಬರಿಗೊಬ್ಬರು ಹೊಂದದ ಮೂವರು ಗೆಳೆಯರು, ಯಾರ ಜೇಬಿನಲ್ಲೂ ಕಾಸಿಲ್ಲ. ಅವರು ಸಿಕ್ಕಿಬೀಳುವ ಮೊದಲೇ ಟೀವಿಯೊಳಗಿನ ಜನ ಕಿಸಕ್ಕನೆ ನಗುತ್ತಾರೆ. ನನಗೆ ರೇಗುತ್ತದೆ. ನಾವು ಸಿಕ್ಕಿಬಿದ್ದ ದಿನ ಯಾರೂ ನಕ್ಕಿರಲಿಲ್ಲ.

ಅದು ಐವತ್ತರ ದಶಕದ ರಾಜಾಜಿನಗರ. ಅಲ್ಲೊಂದು ಇಲ್ಲೊಂದು ಮನೆ, ನಡುವೆ ಖಾಲಿ ಸೈಟುಗಳು. ಅಂಥದ್ದೊಂದು ಮನೆಯ ಹಿಂದಿನ ಕೋಣೆಯಲ್ಲಿ ನಾವು ಮೂವರಿದ್ದೆವು. ನಾನು ಹಳ್ಳಿಯ ಪುರೋಹಿತರ ಮಗ, ಕಾಲೇಜಿಗೆ ಬಂದವನು. ಇನ್ನೊಬ್ಬ ನಮ್ಮ ಜಾತಿಯವನೇ, ಕಚೇರಿಯೊಂದರಲ್ಲಿ ಟೈಪಿಸ್ಟು. ನಾಟಕದ ಹುಚ್ಚಿನಿಂದ ನೀರಿನ ಬಕೆಟ್ಟನ್ನೂ ರಾಜನ ಗತ್ತಿನಲ್ಲೇ ಎತ್ತುತ್ತಿದ್ದ. ಮೂರನೆಯವನು ಕೆಂಗೇರಿ ಕಡೆಯ ಒಕ್ಕಲು ಮನೆಯ ಹುಡುಗ, ಕಾರ್ಖಾನೆಯಲ್ಲಿ ಫಿಟ್ಟರು.

ಮೊದಮೊದಲು ನನ್ನ ಅಡುಗೆ ಬೇರೆ ಎಂದಿತ್ತು. ಆದರೆ ಸ್ಟೌ ಒಂದೇ, ಎರಡು ಅಡುಗೆಗೆ ಸೀಮೆಎಣ್ಣೆ ಕೊಳ್ಳುವ ಯೋಗ್ಯತೆ ಯಾರಿಗೂ ಇರಲಿಲ್ಲ. ನಾನು ಬೇಯಿಸಿದ್ದನ್ನು ನಾಯಿಯೂ ಮೂಸುತ್ತಿರಲಿಲ್ಲ. ಫಿಟ್ಟರ್ ಊರಿನಿಂದ ರಾಗಿಹಿಟ್ಟು ತರುತ್ತಿದ್ದ, ಅವನ ಕೈರುಚಿಯೂ ಚೆನ್ನಾಗಿತ್ತು. ನಾನು ಹೊಟ್ಟೆಯ ಮಾತು ಕೇಳಿದೆ. ಅಪ್ಪನಿಗೆ ಮಾತ್ರ, ಜೊತೆಯವರಿಬ್ಬರೂ ನಮ್ಮವರೇ ಎಂದಿದ್ದೆ. ಕಂಡವರ ಕೈಯಡುಗೆ ಉಂಡದ್ದು ಗೊತ್ತಾದರೆ ಅವತ್ತೇ ಹಾಸಿಗೆ ಕಟ್ಟಿಸಿ ಊರಿಗೆ ಎಳೆದೊಯ್ಯುತ್ತೇನೆ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ಹಾಗಾದರೆ ಅಲ್ಲಿಗೆ ನನ್ನ ಓದು ಮುಗಿದಂತೆ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತೇನೆಂದು ಅಪ್ಪ ಊರಿನವರ ಕೈಲಿ ಹೇಳಿಕಳಿಸಿದರು. ನನಗೆ ಕೈಕಾಲೇ ಆಡಲಿಲ್ಲ. ಟೈಪಿಸ್ಟನಿಗೆ ಮಾತ್ರ ಹಬ್ಬ.

"ಹೆದರ್ಬೇಡ ಕಣೋ. ಇವನಿಗೊಂದು ಜನಿವಾರ ಹಾಕ್ಸಿದ್ರೆ ಮುಗೀತು," ಎಂದ.

ಬೆಳಿಗ್ಗೆಯೇ ತಾಲೀಮು. ನಾನು ಎದುರು ನಿಂತು ಹಾಕಿಕೊಳ್ಳುವ ಬಗೆ ತೋರಿಸಿದೆ. ಫಿಟ್ಟರ್ ನನ್ನನ್ನೇ ನೋಡುತ್ತಾ ಹಾಗೇ ಹಾಕಿಕೊಂಡ. ಅಕ್ಕಿ ತರಲು ಕಾಸಿರಲಿಲ್ಲ. ಮುದ್ದೆ ತಿರುವಿ ಸೊಪ್ಪಿನ ಸಾರು ಮಾಡಿದ.

ಅಪ್ಪ ಬಂದರು, ಕಾಲು ತೊಳೆದು ಎಲೆಯ ಮುಂದೆ ಕೂತರು. ಫಿಟ್ಟರ್ ಬರಿಮೈಯಲ್ಲಿ ಬಡಿಸಲು ಬಗ್ಗಿದ. ಅಪ್ಪ ಅವನನ್ನೇ ನೋಡಿದರು.

"ನಿಮ್ಮ ತಂದೆ ಇದಾರೇನಪ್ಪ?"

"ಇದಾರೆ ಸ್ವಾಮಿ, ಹೊಲದ ಕೆಲಸ..." ಎಂದವನು ನಾಲಿಗೆ ಕಚ್ಚಿಕೊಂಡ.

ಆಗ ನನಗೂ ಕಂಡಿತು. ಜನಿವಾರ ಅವನ ಬಲ ಹೆಗಲಿನ ಮೇಲಿತ್ತು. ಎದುರಿಗೆ ನಿಂತು ಕಲಿತವನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಲಿತಿದ್ದ. ನಮ್ಮಲ್ಲಿ ಅದು ಬಲ ಹೆಗಲಿಗೆ ಬರುವುದು ಸತ್ತವರಿಗೆ ಪಿಂಡ ಇಡುವಾಗ, ತರ್ಪಣ ಬಿಡುವಾಗ. ಟೈಪಿಸ್ಟನಿಗೆ ಒಂದು ಸಂಭಾಷಣೆಯೂ ನೆನಪಾಗಲಿಲ್ಲ.

"ಹಾಗಾದ್ರೆ ಅದನ್ನ ತೆಗೆದಿಡಪ್ಪ," ಎಂದರು ಅಪ್ಪ. "ಬದುಕಿರೋ ತಂದೆಗೆ ಒಳ್ಳೇದಲ್ಲ."

ಅವನು ತೆಗೆದು ಗೂಡಿನಲ್ಲಿಟ್ಟ. ನನ್ನ ಕಣ್ಣು ಮೂಲೆಯಲ್ಲಿದ್ದ ಹಾಸಿಗೆಯ ಕಡೆಗೇ ಹೋಯಿತು.

"ನಿಂತ್ಕೊಂಡ್ಯಲ್ಲ? ಬಡ್ಸು, ಆರಿ ಹೋಗತ್ತೆ," ಎಂದರು ಅಪ್ಪ ಅವನಿಗೆ.

ಬಡಿಸಿದ. ಅಪ್ಪ ಮುದ್ದೆ ಮುರಿದು ಬಾಯಿಗಿಟ್ಟು ಅಗಿಯತೊಡಗಿದರು. ಫಿಟ್ಟರ್ ತಡೆದುಕೊಳ್ಳುವಷ್ಟು ತಡೆದುಕೊಂಡ.

"ಸ್ವಾಮಿ, ಅಗೀಬಾರ್ದು. ಸಾರಲ್ಲಿ ಅದ್ಕೊಂಡು ನುಂಗ್ಬೇಕು."

ಊರಿಗೆಲ್ಲ ಶಾಸ್ತ್ರ ಹೇಳುತ್ತಿದ್ದ ನನ್ನಪ್ಪ ಇನ್ನೊಂದು ತುತ್ತು ಮುರಿದು, ಅದ್ದಿ, ನುಂಗಿದರು. "ಹೀಗಾ?"

"ಹಂಗೇ ಸ್ವಾಮಿ."

ಸಂಜೆ ಹೊರಡುವ ಮುನ್ನ ಅಪ್ಪ ಮೂಲೆಗೆ ಹೋಗಿ ನನ್ನ ಹಾಸಿಗೆ ಎತ್ತಿದರು. ಮೂಗಿನ ಹತ್ತಿರ ಹಿಡಿದು ನೋಡಿ, ಅಲ್ಲೇ ಇಟ್ಟರು.

"ಮುಗ್ಗಲು ವಾಸನೆ ಕಣೋ. ನಾಳೆ ಬಿಸಿಲಿಗೆ ಹಾಕು."