ಉಪ್ಪುನೀರಲ್ಲಿ ಬೀಜ ಕಾಯುವ ಮುನಿವೆಂಕಟಮ್ಮ

ಬೆಳಗಿನ ಆರು ಗಂಟೆ. ಬನಶಂಕರಿ ಎರಡನೇ ಹಂತದ ಮನೆಯೊಂದರ ಹಿತ್ತಿಲಲ್ಲಿ ಮುನಿವೆಂಕಟಮ್ಮ ಸಮುದ್ರ ಅಲುಗಾಡಿಸುತ್ತಿದ್ದಾರೆ. ಸಮುದ್ರವೆಂದರೆ ಇಪ್ಪತ್ತನಾಲ್ಕು ಪಿಂಗಾಣಿ ಜಾಡಿ, ಉಪ್ಪಿನಕಾಯಿ ಹಾಕುವಂಥವು. ಒಳಗೆ ಉಪ್ಪುನೀರು, ನೀರಿನ ಮೇಲೆ ಬೀಜ. ಒಂದೊಂದು ಜಾಡಿಯನ್ನೂ ಎರಡು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತೂಗಿ, ಮುಂದಿನದಕ್ಕೆ ಹೋಗುತ್ತಾರೆ. ಒಂದು ಜಾಡಿಯ ಬಾಯಿಗೆ ಮಾತ್ರ ಬಿಳಿ ಬಟ್ಟೆ ಬಿಗಿದು, ದಾರದ ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿದೆ. ನೂರೈವತ್ತು ದಿನದಿಂದ ಯಾರೂ ಬಿಚ್ಚದ ಆ ಜಾಡಿಯನ್ನು ಇವತ್ತು ಬಿಚ್ಚುತ್ತಾರೆ. ಒಳಗಿನ ಇಪ್ಪತ್ತು ಬೀಜವೂ ಸತ್ತಿದ್ದರೆ ಈ ತಾಯಿಯ ಮಾತನ್ನು ಇನ್ನು ಯಾರೂ ನಂಬುವುದಿಲ್ಲ.

ಮನೆ ಗೌರೀಶಂಕರ ಅವರದು. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ನಡುಸಮುದ್ರದಲ್ಲಿ ಬರೀ ಬಂಡೆಯಾಗಿ ಎದ್ದ ದ್ವೀಪಕ್ಕೆ ಗಿಡಮರ ಹೇಗೆ ಬಂತು ಎಂಬುದು ಅವರ ತಲೆಗೆ ಹತ್ತಿದ ಹುಚ್ಚು. ಕೆಲವು ಬೀಜ ಗಾಳಿಯಲ್ಲಿ ಬರುತ್ತವಂತೆ, ಕೆಲವು ಹಕ್ಕಿಯ ಹೊಟ್ಟೆಯಲ್ಲಿ, ರೆಕ್ಕೆಯ ಸಂದಿಯಲ್ಲಿ. ಇನ್ನು ಕೆಲವು ತಿಂಗಳುಗಟ್ಟಲೆ ತೇಲಿಕೊಂಡು ಬಂದು ದಡ ಸೇರಿ ಮೊಳೆಯುತ್ತವೆ. ಯಾವ ಬೀಜ ಎಷ್ಟು ದಿನ ಉಪ್ಪುನೀರು ತಡೆಯುತ್ತದೆ? ಅದನ್ನು ತಿಳಿಯಲು ಮೇಷ್ಟ್ರು ಆರಿಸಿಕೊಂಡಿರುವುದು ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡ ನಮ್ಮ ಈ ಊರನ್ನು.

ಮುನಿವೆಂಕಟಮ್ಮ ಹೊಸಕೆರೆಹಳ್ಳಿಯವರು. ವಯಸ್ಸು ಐವತ್ತೆರಡು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲ ಲೇಔಟಿಗೆ ಹೋಯಿತು. ಗಂಡ ಚಿಕ್ಕಬೈರಪ್ಪ ಉಳಿದ ಜಾಗದಲ್ಲಿ ಎರಡು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಉಣ್ಣುವುದಕ್ಕೆ ತೊಂದರೆಯಿಲ್ಲ. ಕಂಡವರ ಮನೆಯ ಜಾಡಿ ತೊಳೆಯುವ ಕರ್ಮ ನಿನಗ್ಯಾಕೆ ಎಂದು ಓರಗಿತ್ತಿ ಗೌರಮ್ಮ ದಿನಾ ಚುಚ್ಚುತ್ತಾರಂತೆ. “ಬಾಡಿಗೆ ತಾನಾಗೇ ಬತ್ತದೆ ಕಣಪ್ಪ. ಅದ್ಕೆ ನಾನೇನ್ ಮಾಡ್ಬೇಕು? ಬೀಜ ಮುಟ್ಟದೆ ಎರಡು ವರ್ಷ ಕೂತಿದ್ದೆ. ಕೈಯೇ ನಂದಲ್ಲ ಅನ್ನಿಸ್ಬಿಡ್ತು” ಎಂದು ಮುನಿವೆಂಕಟಮ್ಮ ನನಗೆ ಹೇಳುತ್ತಾರೆ. ಎಪ್ಪತ್ತಾರನೇ ಇಸವಿಯಲ್ಲಿ ಈ ಹಿತ್ತಿಲಿಗೆ ಬಂದವರು, ಎಂಟು ವರ್ಷದಿಂದ ಮೂರು ಮೈಲಿ ನಡೆದೇ ಬರುತ್ತಾರೆ.

ಮೊದಲ ದಿನವೇ ದೊಡ್ಡ ಎಡವಟ್ಟಾಯಿತು. ಮೇಷ್ಟ್ರು ಬೀಜ ನೀರಿಗೆ ಹಾಕಿ, ನೋಡಿಕೊಳ್ಳಮ್ಮ ಎಂದು ಕಾಲೇಜಿಗೆ ಹೋದರು. ಮುನಿವೆಂಕಟಮ್ಮ ಮನೆತನದ ರೂಢಿಯಂತೆ ತೇಲಿದ್ದನ್ನೆಲ್ಲ ಬಾಚಿ ತಿಪ್ಪೆಗೆ ಎಸೆದು, ಮುಳುಗಿದ್ದನ್ನು ಜೋಪಾನವಾಗಿ ಒಣಗಿಸಿಟ್ಟರು. ಸಂಜೆ ಬಂದ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು. “ನಮ್ಮೂರಲ್ಲಿ ತೇಲಿದ್ದು ಜೊಳ್ಳು, ಮುಳುಗಿದ್ದು ಬಿತ್ತನೆ. ಇಲ್ಲಿ ಮುಳುಗಿದ್ದು ಹೋಯ್ತು, ತೇಲಿದ್ದೇ ಊರು ಸೇರೋದು. ನಂಗೇನ್ ಗೊತ್ತು?” ಎಂದು ಈಗ ನಗುತ್ತಾರೆ. ಮೇಷ್ಟ್ರು ಅಂದು ನಗಲಿಲ್ಲ. ಆದದ್ದನ್ನು ಆದಂತೆಯೇ ವರದಿಯಲ್ಲಿ ಬರೆದರು.

ದಿನಕ್ಕೆ ಮೂರು ಸಲ ಜಾಡಿ ತೂಗುವುದು, ಬಿಸಿಲಿಗೆ ಆರಿದಷ್ಟು ಸಿಹಿನೀರು ಸೇರಿಸುವುದು, ಮುಳುಗಿದ ಬೀಜ ಎಣಿಸಿ ಹೇಳುವುದು ಅವರ ಕೆಲಸ. ಬಿಂದಿಗೆಗೆ ಅರ್ಧ ಕೆಜಿ ಕಲ್ಲುಪ್ಪು. ಹದವನ್ನು ನಾಲಿಗೆ ತುದಿಯಲ್ಲೇ ನೋಡುತ್ತಾರೆ, ಮೇಷ್ಟ್ರ ಗಾಜಿನ ಅಳತೆ ಕಡ್ಡಿ ಆಮೇಲೆ ಅದನ್ನೇ ಹೇಳುತ್ತದೆ. ಬೆರಳುಗಳು ಉಪ್ಪಿಗೆ ಬಿರಿದಿವೆ. ಮನೆಗೆ ಹೋದಮೇಲೆ ಹೊಂಗೆ ಎಣ್ಣೆ ಸವರಿಕೊಳ್ಳುತ್ತಾರೆ.

ಹೋದ ವರ್ಷ ಮೇಷ್ಟ್ರ ಸ್ನೇಹಿತರೊಬ್ಬರು ಅಂಡಮಾನಿನ ದಡದಲ್ಲಿ ಹೆಕ್ಕಿದ ನಲವತ್ತು ಕರೀ ಬೀಜ ಕಳಿಸಿದರು. ಯಾವ ಬಳ್ಳಿಯದೋ, ಇನ್ನೂ ಗೊತ್ತಿಲ್ಲ. ಇಪ್ಪತ್ತನ್ನು ನೀರಿಗೆ ಹಾಕಿದರು. ನೂರೈವತ್ತು ದಿನದ ಮೇಲೆ ಆರು ಮೊಳೆತವು. ವರದಿ ಓದಿದ ಹಿರಿಯ ಪಂಡಿತರೊಬ್ಬರು, ಇದು ಆಗದ ಮಾತು, ಹಿಂದೆ ಬೀಜ ಎಸೆದ ಹೆಂಗಸು ಈಗ ಹೊಸ ಬೀಜ ಬೆರೆಸಿರಬೇಕು ಎಂದು ಕಾಗದ ಬರೆದರು. ಗೊತ್ತಿಲ್ಲದೆ ಏನಾದರೂ ಆಯಿತಾ ಎಂದು ಮೇಷ್ಟ್ರು ಮೆತ್ತಗೆ ಕೇಳಿದರು. ಮುನಿವೆಂಕಟಮ್ಮ ಮನೆಗೆ ಹೋದವರು ಮೂರು ದಿನ ಬರಲಿಲ್ಲ.

ನಾಲ್ಕನೇ ದಿನ ಬಂದು ಬಾಗಿಲಲ್ಲೇ ನಿಂತು ಹೇಳಿದರಂತೆ: “ಮೇಷ್ಟ್ರೇ, ಉಳಿದ ಇಪ್ಪತ್ತೂ ಹಾಕಿ. ಬಾಯಿ ಕಟ್ಟಿ ಅರಗು ಒತ್ತಿ. ನನ್ ಕೈ ಒಳಕ್ಕೆ ಹೋಗ್ಬಾರ್ದು.” ಇರುವುದು ಅಷ್ಟೇ, ಹೋದರೆ ಮತ್ತೆ ಸಿಗುವುದಿಲ್ಲ ಎಂದು ಮೇಷ್ಟ್ರು ಹಿಂದೆಮುಂದೆ ನೋಡಿದರು. ಈಕೆ ನೋಡಲಿಲ್ಲ. ಅಂದಿನಿಂದ ಆರಿದಷ್ಟು ನೀರನ್ನು ಬಟ್ಟೆಯ ಮೇಲಿಂದಲೇ ಸುರಿದು ಒಳಗಿಳಿಸಿದ್ದಾರೆ.

ಏಳು ಗಂಟೆಗೆ ಮೇಷ್ಟ್ರು ಹೊರಬಂದು ಅರಗು ಒಡೆಯುತ್ತಾರೆ. ಬಟ್ಟೆ ಉಪ್ಪು ಕಟ್ಟಿ ಹಪ್ಪಳದಂತಾಗಿದೆ. ಮುನಿವೆಂಕಟಮ್ಮ ದೂರದಲ್ಲೇ ನಿಂತಿದ್ದಾರೆ, ಕೈ ಬೆನ್ನ ಹಿಂದೆ. ಹದಿನಾಲ್ಕು ತೇಲುತ್ತಿವೆ, ಆರು ತಳ ಹಿಡಿದಿವೆ. ತೇಲಿದ ಮಾತ್ರಕ್ಕೆ ಜೀವ ಇದೆಯೆಂದಲ್ಲ. ಮೇಷ್ಟ್ರು ಗಟ್ಟಿ ಸಿಪ್ಪೆ ಸವೆಯಲೆಂದು ಒಂದೊಂದನ್ನೂ ಕಲ್ಲಿಗೆ ತುಸು ಉಜ್ಜಿ ಮರಳಿನಲ್ಲಿ ಊರುತ್ತಾರೆ. ಮುನಿವೆಂಕಟಮ್ಮ ಮುಟ್ಟದಿದ್ದರೂ ಅವರ ಬಾಯಿ ಸುಮ್ಮನಿರದು. ಅಷ್ಟು ಆಳ ಬೇಡ, ಇನ್ನೂ ಮೇಲೆ, ಎಂದು ಮೇಷ್ಟ್ರಿಗೇ ಪಾಠ ನಡೆಯುತ್ತದೆ.

ಇಪ್ಪತ್ತೆರಡನೇ ದಿನ ನಾನು ಮತ್ತೆ ಆ ಹಿತ್ತಿಲಿಗೆ ಹೋಗುತ್ತೇನೆ. ಮರಳು ಒಡೆದುಕೊಂಡು ಮೊಳಕೆ ನಿಂತಿವೆ, ಕೆಲವಕ್ಕೆ ಎರಡೆರಡು ಎಲೆ. ನನ್ನದೇನೂ ಪಾಲಿಲ್ಲದಿದ್ದರೂ ನನಗೆ ಹೆಮ್ಮೆಯೆನಿಸುತ್ತದೆ. ಪಂಡಿತರಿಗೆ ಕಾಗದ ಬರೆಯುತ್ತ ವರಾಂಡದಲ್ಲಿ ಕೂತ ಮೇಷ್ಟ್ರು ಎಷ್ಟಮ್ಮ ಎಂದು ಕೂಗುತ್ತಾರೆ. ಹನ್ನೊಂದು ಎನ್ನುತ್ತಾರೆ ಈಕೆ. ಮೇಷ್ಟ್ರು ಎದ್ದು ಬರುವುದಿಲ್ಲ, ಕತ್ತೂ ಎತ್ತುವುದಿಲ್ಲ. ಹನ್ನೊಂದು ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ.

ಪತ್ರಿಕೆಯವನ ಹಾಳು ಅಭ್ಯಾಸ, ನಾನು ಮಾತ್ರ ಬಗ್ಗಿ ಎಣಿಸುತ್ತೇನೆ. ಹನ್ನೊಂದೇ. ಸಿಕ್ಕಿಬಿದ್ದವನಂತೆ ತಲೆಯೆತ್ತಿದರೆ ಮುನಿವೆಂಕಟಮ್ಮ ನನ್ನನ್ನೇ ನೋಡುತ್ತಿದ್ದಾರೆ. ಬೇಸರವಿಲ್ಲ.

“ಎಣಿಸ್ಕೊಳಿ, ಎಣಿಸ್ಕೊಳಿ. ಬೆಳಿಗ್ಗೆಯಿಂದ ನಾನೂ ನಾಕು ಸಲ ಎಣಿಸ್ದೆ. ಅನುಮಾನಕ್ಕಲ್ಲ ಕಣಪ್ಪ, ಸಂತೋಷಕ್ಕೆ.”