ಯಂತ್ರದ ಹಣೆ

ನನ್ನ ಅಕ್ಷರ ಸೊಟ್ಟ, ಮಾತುಗಳೂ ಅಷ್ಟೇ; ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಇದು ನಮ್ಮ ದೇವದುರ್ಗದ ಸುಮಂಗಲಕ್ಕನ ಕಥೆ.

ಸುಮಂಗಲಾ ಓದಿದ್ದು ಬಯೋಮೆಡಿಕಲ್ ಇಂಜಿನಿಯರಿಂಗ್, ಅಂದರೆ ಆಸ್ಪತ್ರೆಯ ಯಂತ್ರಗಳ ವಿದ್ಯೆ. ಯಂತ್ರದ ಮುಂದೆ ಅವಳು ಹುಲಿ; ಮನುಷ್ಯರ ಮುಂದೆ ನಾಲಿಗೆಯೇ ಏಳುತ್ತಿರಲಿಲ್ಲ. ಮಾನ್ವಿಯ ಸಣ್ಣ ಆಸ್ಪತ್ರೆಯೊಂದು ಕೆಲಸ ನೋಡಿ ಇಟ್ಟುಕೊಳ್ಳುವುದಾಗಿ ಹೇಳಿ ಅವಳನ್ನು ಕರೆಸಿತ್ತು.

ಅಲ್ಲಿ ಬೆರಳಿಗೆ ಕ್ಲಿಪ್ ಹಾಕಿ ರಕ್ತದ ಆಮ್ಲಜನಕ ಅಳೆಯುವ ಯಂತ್ರವೊಂದು ದಿನಾ ಬೆಳಗ್ಗೆ ಮುನಿಸಿಕೊಳ್ಳುತ್ತಿತ್ತು. ಗಟ್ಟಿಮುಟ್ಟಾದವರ ಬೆರಳಿಗೆ ಹಾಕಿದರೂ ಅರಚುತ್ತಿತ್ತು. ಹೊತ್ತೇರಿದ ಮೇಲೆ ಬಸ್ಸಿಳಿದು ಬಂದ ಸುಮಂಗಲಾ ಅದರ ಹೊಟ್ಟೆ ಬಿಚ್ಚಿ, ವೈರು ತಡವಿ, ಮುಚ್ಚುವಷ್ಟರಲ್ಲಿ ತಾನಾಗಿ ಸರಿಯಾಗುತ್ತಿತ್ತು.

"ಏನವಾ, ಈ ಮಿಷನ್ ಮಧ್ಯಾಹ್ನ ಆದ ಮ್ಯಾಲಷ್ಟ ನಿನ್ನ ಮಾತು ಕೇಳ್ತದೇನು?" ಎಂದರು ಡಾಕ್ಟರ್ ಉದಯಕುಮಾರ. "ನಾಳೆ ಮುಂಜಾನಿನೂ ಒದರಿದ್ರ, ಈ ಕೆಲಸಕ್ಕ ರಾಯಚೂರಿನವರನ್ನ ಕರೆಸ್ತೀನಿ ನೋಡು."

ಮರುದಿನ ಅವಳು ಮೊದಲ ಬಸ್ಸಿಗೇ ಬಂದಳು. ಸ್ಕ್ರೂಡ್ರೈವರ್ ಚೀಲದಲ್ಲೇ ಬಿಟ್ಟು ವಾರ್ಡಿನ ಮೂಲೆಯಲ್ಲಿ ಸುಮ್ಮನೆ ನಿಂತಳು. ಆಯಾ ಮಹಾಂತಮ್ಮ ಕಸ ಗುಡಿಸಿ, ಕೈ ತೊಳೆದು, ಯಂತ್ರಗಳಿಗೆಲ್ಲ ವಿಭೂತಿ ಹಚ್ಚುತ್ತ ಬಂದಳು. ಈ ಯಂತ್ರದ ಸರದಿ ಬಂದಾಗ ಕ್ಲಿಪ್ಪಿನ ಬಾಯಿ ತೆರೆದು, ಒಳಗಿನ ಕೆಂಪು ದೀಪಕ್ಕೇ ಬಳಿದು ಕೈಮುಗಿದಳು. ದಿನಾ ಮಧ್ಯಾಹ್ನದೊಳಗೆ ರೋಗಿಗಳ ಬೆರಳು ತಾಗಿ ಆ ಬೂದಿ ಅಳಿಯುತ್ತಿತ್ತು. ರಿಪೇರಿಯ ಹೆಸರು ಮಾತ್ರ ಸ್ಕ್ರೂಡ್ರೈವರಿಗೆ!

"ಯವ್ವಾ, ಅಲ್ಲ್ಯಾಕ ಹಚ್ಚೀರಿ?"

"ಮತ್ತ? ಅದರ ಜೀವ ಅಲ್ಲೇ ಮಿಣಿಮಿಣಿ ಅಂತದಲ್ಲ!"

ಬೆಳಕು, ಸೆನ್ಸರ್ ಎಂದೆಲ್ಲ ಸುಮಂಗಲಳ ಬಾಯಿಗೆ ಬಂತು, ನುಂಗಿಕೊಂಡಳು. "ಅದು ಅದರ ಕಣ್ಣು, ಯವ್ವಾ. ಕಣ್ಣಾಗ ಬೂದಿ ಬಿದ್ರ ಹೆಂಗ ನೋಡಬೇಕು ಪಾಪ?"

ಮಹಾಂತಮ್ಮ ಗಲ್ಲ ಬಡಿದುಕೊಂಡಳು. "ಅಯ್ಯ ಶಿವನ! ಹಂಗಾದ್ರ ಇದರ ಹಣಿ ಎಲ್ಲದ ಬೇ? ಓದಿದಾಕಿ ಅಲ್ಲ ನೀ, ತೋರ್ಸು."

ಇದನ್ನು ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ. ಸುಮಂಗಲಾ ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ, ಪರದೆಯ ಮೇಲ್ಗಡೆ, ಗುಂಡಿ-ಸಂದು ಯಾವುದೂ ಇಲ್ಲದ ಜಾಗ ತೋರಿಸಿದಳು. "ಇಲ್ಲಿ. ತೆಳ್ಳಗ ಹಚ್ಚರಿ." ಕ್ಲಿಪ್ ಒರೆಸಿ ತನ್ನ ಬೆರಳಿಗೇ ಹಾಕಿಕೊಂಡಳು. ಯಂತ್ರ ತೆಪ್ಪಗಿತ್ತು.

"ಏನು ರಿಪೇರಿ ಮಾಡ್ದಿ?" ಡಾಕ್ಟರು ಬಂದು ಕೇಳಿದರು.

"ಹಣಿ ತೋರ್ಸೀನ್ರಿ, ಸರ್."

ನಡೆದದ್ದು ಕೇಳಿ ಅವರು ನಕ್ಕರು. "ಮಿಷನ್ ಬಿಚ್ಚೋರು ಬೇಕಾದಷ್ಟು ಮಂದಿ ಸಿಗ್ತಾರ. ಮಹಾಂತಮ್ಮಗ ತಿಳಿಸಿ ಹೇಳೋರನ್ನ ಎಲ್ಲಿ ಹುಡುಕ್ಲಿ? ಕೆಲಸ ನಿಂದೇ."

ಸೋಮವಾರ ಸುಮಂಗಲಾ ಕೆಲಸಕ್ಕೆ ಸೇರುತ್ತಾಳೆ. ಬೇಗ ಹೋಗಿ, ಹೆರಿಗೆ ವಾರ್ಡಿನ ಯಂತ್ರಗಳ ಹಣೆಯನ್ನೂ ಮಹಾಂತಮ್ಮನಿಗೆ ತೋರಿಸುತ್ತಾಳೆ.