ಅಂಕಣದೊಳಗೆ ಕಾಲಿಟ್ಟ ಗುರು: ಮೈಲಾರಪ್ಪ ಹತ್ತಿಮತ್ತೂರ ಸರ್

ದೈಹಿಕ ಶಿಕ್ಷಣವೆಂದರೆ ಸೀಟಿ ಊದುವುದು, ಆಗಸ್ಟ್ ಹದಿನೈದಕ್ಕೆ ಕವಾಯತು ಮಾಡಿಸುವುದು, ಉಳಿದ ದಿನಗಳಲ್ಲಿ ಮುಖ್ಯೋಪಾಧ್ಯಾಯರು ಹೇಳಿದ ಕೆಲಸಕ್ಕೆ ಓಡಾಡುವುದು ಎಂದು ಧಾರವಾಡ ಜಿಲ್ಲೆಯ ತೆಂಕಣ ತಾಲೂಕುಗಳಲ್ಲಿ ಎಲ್ಲರೂ ನಂಬಿಕೊಂಡಿದ್ದ ಕಾಲದಲ್ಲಿ, ಆ ವಿಷಯವನ್ನು ಗಣಿತ ವಿಜ್ಞಾನಗಳ ಸಾಲಿಗೆ ತಂದು ಕೂರಿಸಿದ ಕೆಲವೇ ಮಹನೀಯರಲ್ಲಿ ಶ್ರೀ ಮೈಲಾರಪ್ಪ ಗುತ್ತೆಪ್ಪ ಹತ್ತಿಮತ್ತೂರ ಅವರು ಅಗ್ರಗಣ್ಯರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಕಡೆಗಳ ಪ್ರೌಢಶಾಲೆಗಳಲ್ಲಿ ಸೇವೆ ಸಲ್ಲಿಸಿ ೧೯೮೯ರ ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಅವರಿಗೆ ಅರ್ಪಿಸುವ ಈ ಗ್ರಂಥದಲ್ಲಿ ಹೊಗಳಿಕೆಗೇನೂ ಬರವಿರಲಾರದು. ಆದರೆ ನಾಲ್ಕೂ ತಾಲೂಕುಗಳು ದಂಗುಬಡಿದು ನಿಂತ ಒಂದು ಗಳಿಗೆ ಅವರ ಬದುಕಿನಲ್ಲಿದೆ. ಅದನ್ನು ಬಿಟ್ಟು ಬರೆದರೆ ಸ್ವತಃ ಮೈಲಾರಪ್ಪನವರೇ ಈ ಪುಟಗಳನ್ನು ಹರಿದುಹಾಕುತ್ತಾರೆ ಎಂಬುದು ಅವರನ್ನು ಬಲ್ಲವರಿಗೆಲ್ಲ ಗೊತ್ತು.

ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ ಹುಟ್ಟಿದ ಅವರು ಬೆಳೆದದ್ದು ಅರ್ಧ ಹೊಲದಲ್ಲಿ, ಅರ್ಧ ಗರಡಿಮನೆಯಲ್ಲಿ. ನಮ್ಮ ಕಡೆಯ ಕುಸ್ತಿಯಲ್ಲಿ ಒಂದು ಪದ್ಧತಿಯುಂಟು. ಕಣದಲ್ಲಿ ಹಿಡಿತ ಬಿಗಿಯಾಗಿ ಒಬ್ಬನ ಕೈಯೋ ಕತ್ತೋ ಮುರಿಯುವ ಹಾಗಾದರೆ, ಇಬ್ಬರಲ್ಲಿ ಯಾರ ವಸ್ತಾದಿಯಾದರೂ, ಅಂದರೆ ಕುಸ್ತಿ ಕಲಿಸಿದ ಗುರುವಾದರೂ ಸರಿ, ಮಣ್ಣಿಗಿಳಿದು ಕೈ ಎತ್ತಿದನೆಂದರೆ ಕುಸ್ತಿ ಅಲ್ಲಿಗೆ ನಿಂತಿತು. ಜೋಡಿ ಬರಾಬರಿ. ಗೆದ್ದವನಿಲ್ಲ, ಸೋತವನಿಲ್ಲ, ಹಲಗೆ ಬಾರಿಸುವವನೂ ಸುಮ್ಮನಾಗುತ್ತಾನೆ. ಮೈಲಾರಪ್ಪನವರು ಅಕ್ಷರಕ್ಕಿಂತ ಮೊದಲು ಕಲಿತದ್ದು ಇದನ್ನು.

ಎಪ್ಪತ್ತರ ದಶಕದ ಮೊದಲಲ್ಲಿ ಅವರು ಹಾನಗಲ್ಲಿನಲ್ಲಿದ್ದಾಗ ಅಲ್ಲಿನ ಮುಖ್ಯೋಪಾಧ್ಯಾಯರು, ಆಟದ ಅವಧಿಯಲ್ಲಿ ಹೆಣ್ಣುಮಕ್ಕಳು ಕಸೂತಿ ಹಾಕಬೇಕು, ಗಂಡುಹುಡುಗರು ಮಾತ್ರ ಮೈದಾನಕ್ಕೆ ಇಳಿಯಬೇಕು ಎಂದು ಅಪ್ಪಣೆ ಹೊರಡಿಸಿದರು. ಮೈಲಾರಪ್ಪನವರು ಎದುರಾಡಲಿಲ್ಲ. ಮರುದಿನ ತಾವೂ ಒಂದು ಸೂಜಿ ದಾರ ಹಿಡಿದು ಹೆಣ್ಣುಮಕ್ಕಳ ನಡುವೆ ಕುಳಿತು, ತಮ್ಮ ಒರಟು ಬೆರಳುಗಳಿಂದ ನವಿಲು ತೆಗೆಯಲು ಹೋಗಿ ಕೋಳಿ ತೆಗೆದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಒಂದು ವಾರ ಈ ಗರಡಿಯಾಳು ಕಸೂತಿ ಹಾಕುವುದನ್ನು ನೋಡಿ ನೋಡಿ ಮುಖ್ಯೋಪಾಧ್ಯಾಯರಿಗೇ ನಾಚಿಕೆಯಾಗಿ, ಅವಧಿಯ ಅರ್ಧ ಕಸೂತಿ, ಅರ್ಧ ಖೋ-ಖೋ ಎಂದು ರಾಜಿಯಾಯಿತು. ಮುಂದೆ ಶಿಗ್ಗಾಂವಿಯಲ್ಲಿಯೂ ಸವಣೂರಿನಲ್ಲಿಯೂ ಅವರು ಹೋದಲ್ಲೆಲ್ಲ ಹೆಣ್ಣುಮಕ್ಕಳು ಮೈದಾನಕ್ಕೆ ಇಳಿದರು.

೧೯೭೯ರಲ್ಲಿ ಬೆಂಗಳೂರಿನಲ್ಲಿ ನಡೆದ ದೈಹಿಕ ಶಿಕ್ಷಕರ ಶಿಬಿರದಲ್ಲಿ ಒಬ್ಬ ಸೈನ್ಯಾಧಿಕಾರಿ ಟೇಕ್ವಾಂಡೋ ಎಂಬ ಕೊರಿಯಾ ದೇಶದ ಒದೆಯುವ ವಿದ್ಯೆಯನ್ನು ತೋರಿಸಿದರು. ಉಳಿದವರು ಚಹಾ ಕುಡಿಯಲು ಹೋದರು. ನಡುವಯಸ್ಸು ದಾಟುತ್ತಿದ್ದ ಮೈಲಾರಪ್ಪನವರು ಪ್ಯಾಂಟು ಮಡಚಿಕೊಂಡು ಅಲ್ಲೇ ಉಳಿದರು, ಮುಂದಿನ ಮೂರು ಬೇಸಿಗೆ ಸ್ವಂತ ಖರ್ಚಿನಲ್ಲಿ ಅದೇ ಅಧಿಕಾರಿಯ ಹತ್ತಿರ ಹೋಗಿ ಕಲಿತರು. ಹಿರೇಕೆರೂರಿಗೆ ವರ್ಗವಾಗಿ ಬಂದ ಮೇಲೆ ಹತ್ತಿಯ ಕಸ ತುಂಬಿದ ಗೋಣಿಚೀಲಗಳನ್ನು ಶಾಲೆಯ ಬೇವಿನ ಮರಕ್ಕೆ ಕಟ್ಟಿ, ದರ್ಜಿ ಕುತುಬುದ್ದೀನರಿಂದ ಮಾಂಜರಪಾಟ ಬಟ್ಟೆಯ ಅಂಗಿ ಚಲ್ಲಣ ಹೊಲಿಸಿ, ನಮ್ಮ ಊರ ಮಕ್ಕಳಿಗೆ ಒದೆಯುವುದನ್ನು ಹೇಳಿಕೊಟ್ಟರು. ಗೋವಿನಜೋಳ ಮಾರಲು ಬಂದ ರೈತರು ಚಕ್ಕಡಿ ನಿಲ್ಲಿಸಿ ನೋಡುತ್ತಿದ್ದರು.

ಹಾಲವ್ವ ಮೈಲಾರಪ್ಪನವರ ಕಣ್ಣಿಗೆ ಬಿದ್ದದ್ದು ಆಗ. ರಟ್ಟೀಹಳ್ಳಿಯ ಒಕ್ಕಲುತನದ ಮನೆಯ, ಎಂಟನೆಯ ಇಯತ್ತೆಯ ಹುಡುಗಿ. ಅವಳ ತಂದೆ ಕರಿಬಸಪ್ಪನವರು ಮೊದಲು ಸುತರಾಂ ಒಪ್ಪಲಿಲ್ಲ. ಮೈಲಾರಪ್ಪನವರು ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತರು.

“ಹೆಣ್ಣ ಹುಡುಗಿ ಹಿಂಗ ಕಾಲೆತ್ತಿ ಒದ್ಯಾಕ ಕಲತ್ರ ನಾಳೆ ಯಾರು ಮದುವಿ ಮಾಡ್ಕೋತಾರ್ರೀ ಸರ?” ಎಂದರು ಕರಿಬಸಪ್ಪನವರು.

“ಒದೀ ಬೀಳೂ ಹಂಗ ನಡಕೊಳ್ಳದಾಂವ ಮಾಡ್ಕೋತಾನ್ರಿ. ಅಂಥಾ ಅಳಿಯಾನ ಬೇಕಲ್ಲೇನ್ರಿ ನಿಮಗ?”

ಒಳಗೆ ರೊಟ್ಟಿ ಬಡಿಯುತ್ತಿದ್ದ ತಾಯಿ ಭರಮವ್ವ ನಕ್ಕುಬಿಟ್ಟರಂತೆ. ಆ ನಗೆಯಿಂದಲೇ ಕೆಲಸವಾಯಿತು. ಮಗಳು ಪ್ರತಿದಿನ ಕೊನೆಯ ಬಸ್ಸಿಗೆ ಮನೆ ಮುಟ್ಟಬೇಕೆಂಬ ಕರಾರಿನ ಮೇಲೆ ಒಪ್ಪಿಗೆ ಸಿಕ್ಕಿತು, ಬಸ್ಸು ತಪ್ಪಿದ ದಿನ ಮೈಲಾರಪ್ಪನವರೇ ಸೈಕಲ್ ಮೇಲೆ ಕೂರಿಸಿಕೊಂಡು ಬಿಟ್ಟುಬರುತ್ತಿದ್ದರು. ಆರು ವರ್ಷ ಹೀಗೆ ನಡೆಯಿತು. ಜಿಲ್ಲೆ ಗೆದ್ದಳು, ರಾಜ್ಯ ಗೆದ್ದಳು, ೧೯೮೭ರಲ್ಲಿ ರಾಷ್ಟ್ರಮಟ್ಟದಲ್ಲಿ ತನ್ನ ತೂಕದವರಲ್ಲಿ ಎರಡನೆಯವಳಾದಳು.

ಅಷ್ಟರಲ್ಲಿ ೧೯೮೮ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಟೇಕ್ವಾಂಡೋವನ್ನು ಪ್ರದರ್ಶನ ಪಂದ್ಯವಾಗಿ ಆಡಿಸುತ್ತಾರೆಂಬ ಸುದ್ದಿ ಬಂತು. ಹಾಲವ್ವನ ತೂಕಕ್ಕೆ ಒಬ್ಬಳನ್ನೇ ಆರಿಸುವುದೆಂದೂ, ಆಯ್ಕೆಯ ಪಂದ್ಯ ಉತ್ತರ ಹಿಂದೂಸ್ತಾನದ ಒಂದು ಊರಿನಲ್ಲೆಂದೂ ಗೊತ್ತಾಯಿತು. ಆ ಊರಿನ ಹೆಸರು ಇಲ್ಲಿ ಬೇಡ. ನಾಲ್ಕೂ ತಾಲೂಕಿನ ಜನ, ಒಲಿಂಪಿಕ್ಸ್ ಎಂದರೇನೆಂದು ತಿಳಿದವರೂ ತಿಳಿಯದವರೂ, ಹಾಲವ್ವನನ್ನು ತಮ್ಮ ಮನೆಯ ಮಗಳೆಂದು ಹೇಳಿಕೊಂಡು ಓಡಾಡತೊಡಗಿದರು. ಹಿಂದಿ ಬಲ್ಲವರು ಜೊತೆಗಿರಲೆಂದು ಚಿತ್ರಕಲೆಯ ಶಿಕ್ಷಕ ಸಿರಾಜುದ್ದೀನ ಮಾಸ್ತರರೂ ಗುರುಶಿಷ್ಯೆಯರೊಂದಿಗೆ ರೈಲು ಹತ್ತಿದರು.

ಮೊದಲ ಸುತ್ತಿನಲ್ಲಿ ಹಾಲವ್ವ ಆ ಊರಿನವಳೇ ಆದ ಒಬ್ಬ ಹುಡುಗಿಯನ್ನು ಸಲೀಸಾಗಿ ಸೋಲಿಸಿದಳು. ಕೊನೆಯ ಪಂದ್ಯ, ಹಿಂದಿನ ವರ್ಷ ತನ್ನನ್ನು ಸೋಲಿಸಿದ್ದ ಪಂಜಾಬದ ಹುಡುಗಿಯೊಡನೆ. ಈ ಸಲ ಹಾಲವ್ವನೇ ಮುಂದಿದ್ದಳು. ಮುಗಿಯಲು ಅರೆ ನಿಮಿಷವೂ ಇರಲಿಲ್ಲ. ಸುಮ್ಮನೆ ದೂರ ನಿಂತಿದ್ದರೂ ಗೆಲ್ಲುತ್ತಿದ್ದಳು, ಆದರೆ ಅವಳು ಸುಮ್ಮನೆ ನಿಲ್ಲುವ ಜಾಯಮಾನದವಳಲ್ಲ. ಮೈ ತಿರುಗಿಸಿ ಒದೆಯಲು ಕಾಲೆತ್ತಿದಳು. ಅದೇ ಹೊತ್ತಿಗೆ ಎದುರಿನವಳು ಹಿಂದೆ ಸರಿಯುವಾಗ ಅವಳ ಮೊಣಕಾಲು ತಿರುಚಿತು. ಬೀಳಲಿಲ್ಲ, ಕೂಗಲಿಲ್ಲ, ಒಂದೇ ಕಾಲ ಮೇಲೆ ಭಾರ ಹಾಕಿ ಬಿಳಿಚಿಕೊಂಡು ನಿಂತಳು. ತೀರ್ಪುಗಾರ ಹಾಲವ್ವನ ಬೆನ್ನ ಹಿಂದಿದ್ದುದರಿಂದ ಅವನಿಗದು ಕಾಣಲಿಲ್ಲ. ಮೈ ತಿರುಗಿಸಿದ್ದ ಹಾಲವ್ವನಿಗೂ ಕಾಣಲಿಲ್ಲ.

ಕಂಡದ್ದು ಮೈಲಾರಪ್ಪನವರಿಗೆ. ಅವರು ಕುರ್ಚಿಯಿಂದೆದ್ದು, ಗೆರೆ ದಾಟಿ, ಅಂಕಣದೊಳಕ್ಕೆ ಹೋಗಿ ಇಬ್ಬರ ನಡುವೆ ನಿಂತು ಬಲಗೈ ಎತ್ತಿದರು, ಹತ್ತಿಮತ್ತೂರಿನ ಕುಸ್ತಿಕಣದಲ್ಲಿ ವಸ್ತಾದಿ ನಿಲ್ಲುವ ಹಾಗೆ.

ಪಂದ್ಯ ನಡೆಯುವಾಗ ತರಬೇತುದಾರ ಅಂಕಣದೊಳಗೆ ಕಾಲಿಟ್ಟರೆ ಅವನ ಕಡೆಯವರು ಸೋತಂತೆ. ಅಲ್ಲಿನ ನಿಯಮದಲ್ಲಿ ಬರಾಬರಿ ಎಂಬುದಿಲ್ಲ. ಮೈಲಾರಪ್ಪನವರಿಗೆ ಆ ನಿಯಮ ಗೊತ್ತಿರಲಿಲ್ಲವೆಂದಲ್ಲ, ಅದನ್ನು ತಮ್ಮ ಮಕ್ಕಳಿಗೆ ಕನ್ನಡದಲ್ಲಿ ಪಾಠ ಮಾಡಿದವರೇ ಅವರು. ಆದರೆ ಆ ಗಳಿಗೆಯಲ್ಲಿ ಕಾಲು ನಡೆದದ್ದು ಗರಡಿಯ ಅಭ್ಯಾಸದಿಂದ. ಕೈ ಎತ್ತಿ ನಿಂತ ಮೇಲೆ, ತಾವು ಎಲ್ಲಿ ನಿಂತಿದ್ದೇವೆ ಎಂಬುದು ಅವರ ತಲೆಗೆ ಹೋಗಿ, ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತರು. ಹಾಲವ್ವ ಅವರ ಮುಖವನ್ನೇ ನೋಡುತ್ತಿದ್ದಳು. ಮೇಜಿನ ಹಿಂದಿದ್ದ ಪಂದ್ಯದ ಅಧಿಕಾರಿಗಳು ಬಂದು ಪಂಜಾಬದ ಹುಡುಗಿ ಗೆದ್ದಳೆಂದು ಅವಳ ಕೈ ಎತ್ತಿದರು, ಅವಳನ್ನು ಹಾಗೆಯೇ ಸ್ಟ್ರೆಚರ್ ಮೇಲೆ ಮಲಗಿಸಿ ಒಯ್ದರು. ಇನ್ನೊಂದು ಒದೆ ಬಿದ್ದಿದ್ದರೆ ಆ ಕಾಲಿನ ಗತಿ ಏನಾಗುತ್ತಿತ್ತೋ ಹೇಳಲಾಗದು, ಏಕೆಂದರೆ ಅದು ಬೀಳಲಿಲ್ಲ.

ಇದೇ ದೊಡ್ಡ ಆಘಾತವೆಂದು ನಾವು ತಿಳಿದಿದ್ದೆವು. ಅದಕ್ಕಿಂತ ದೊಡ್ಡದು ಎಂಟು ದಿನ ಬಿಟ್ಟು ಪತ್ರಿಕೆಯಲ್ಲಿ ಬಂತು. ಕಾಲಿಗೆ ಪೆಟ್ಟಾದವಳು ಹೋಗುವ ಹಾಗಿಲ್ಲ, ಹಾಲವ್ವ ಸೋತವಳು, ಆದ್ದರಿಂದ ಮೊದಲ ಸುತ್ತಿನಲ್ಲಿ ಹಾಲವ್ವನ ಕೈಯಲ್ಲೇ ಸೋತ ಆ ಊರಿನ ಹುಡುಗಿಯನ್ನು ಆರಿಸಲಾಗಿದೆ! ಓದಿದವರು ಮತ್ತೊಮ್ಮೆ ಓದಿದರು. ಆ ಹುಡುಗಿ ಆಯ್ಕೆಗಾರರಲ್ಲೊಬ್ಬರ ಅಣ್ಣನ ಮಗಳೆಂಬುದು ತಿಳಿದಾಗ ಹಿರೇಕೆರೂರಿನ ಪೇಟೆ ಬಾಗಿಲು ಹಾಕಿತು, ಸವಣೂರಿನಲ್ಲಿ ವಿದ್ಯಾರ್ಥಿಗಳು ಬಸ್ಸು ತಡೆದರು. ಆ ಮಗುವಿನದೇನೂ ತಪ್ಪಿರಲಿಲ್ಲ, ಅದು ಬೇರೆ ಮಾತು. ಹಿರಿಯರು ಓಡಾಡಿ ಮೇಲ್ಮನವಿ ಹಾಕಿಸಿದರು. ಮನವಿ ಕೇಳುವ ಸಮಿತಿಯ ಅಧ್ಯಕ್ಷರು ನ್ಯಾಯವಂತರೆಂದು ಹೆಸರಾದವರು. ತೀರ್ಪುಗಾರನೇ ಕೈಮಾಡಿ ಕರೆದದ್ದರಿಂದ ತರಬೇತುದಾರ ಒಳಗೆ ಬಂದನೆಂದಾದರೆ ಹಾಲವ್ವನ ಸೋಲು ರದ್ದಾಗುತ್ತದೆ, ಸಿಯೋಲ್‌ಗೆ ಅವಳೇ ಹೋಗುತ್ತಾಳೆ ಎಂದು ಅವರು ಹೇಳಿಕಳಿಸಿದರು. ತೀರ್ಪುಗಾರನೂ ಒಳ್ಳೆಯ ಮನುಷ್ಯ. ಕೈ ಮಾಡಿದ್ದೆನೋ ಇಲ್ಲವೋ ನೆನಪಿಲ್ಲ ಎಂದುಬಿಟ್ಟ. ಇನ್ನು ಎಲ್ಲವೂ ಮೈಲಾರಪ್ಪನವರ ಒಂದು ಮಾತಿಗೆ ಬಂದು ನಿಂತಿತು.

ಮತ್ತೆ ಅದೇ ಮೂವರು ಅದೇ ರೈಲು ಹತ್ತಿದರು. ದಾರಿಯುದ್ದಕ್ಕೂ ಸಿರಾಜುದ್ದೀನ ಮಾಸ್ತರರು ಒಂದೇ ಪಾಠ ಒಪ್ಪಿಸಿದರು. “ಹೌದು ಅನ್ರಿ ಸರ. ಒಂದ ಶಬ್ದ. ಯಾರ ಮನೀನೂ ಮುರಿಯಂಗಿಲ್ಲ.” ಮೈಲಾರಪ್ಪನವರು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ಬೇಡವೆನ್ನಲಿಲ್ಲವಾದ್ದರಿಂದ ಉಳಿದಿಬ್ಬರೂ ಒಪ್ಪಿದರೆಂದೇ ತಿಳಿದರು.

ಅಧ್ಯಕ್ಷರು ಹಿಂದಿಯಲ್ಲಿ ಕೇಳಿದ್ದನ್ನು ಮಾಸ್ತರರು ಕನ್ನಡಕ್ಕೆ ತಂದರು. “ತೀರ್ಪುಗಾರ್ರು ನಿಮ್ಮನ್ನ ಕೈಮಾಡಿ ಕರದ್ರೇನು ಅಂತ ಕೇಳಾಕತ್ತಾರ್ರಿ ಸರ.”

ಮೈಲಾರಪ್ಪನವರು ಎದ್ದು ನಿಂತರು. “ಯಾರೂ ಕರದಿಲ್ಲ. ಆ ಹುಡುಗಿ ಮೊಣಕಾಲು ತಿರುಗಿದ್ದು ಕಾಣಸ್ತು, ನಾನ ಹೋದ್ನಿ. ಎತ್ತಿದ್ದು ನಂದ ಕೈ.”

ಸಿರಾಜುದ್ದೀನ ಮಾಸ್ತರರು ಐದು ಹೊತ್ತು ನಮಾಜು ತಪ್ಪಿಸದವರು, ಹುಡುಗರ ಹಾಜರಿಯಲ್ಲಿ ಕೂಡ ಸುಳ್ಳು ಬರೆಯದವರು. ಅವರು ಒಮ್ಮೆ ಹಾಲವ್ವನ ಕಡೆ ನೋಡಿದರು. ಆಮೇಲೆ ಅಧ್ಯಕ್ಷರತ್ತ ತಿರುಗಿ ಸ್ಪಷ್ಟವಾದ ಹಿಂದಿಯಲ್ಲಿ ಹೇಳಿದರು: “ಹಾಂ ಸಾಹೇಬ, ತೀರ್ಪುಗಾರರೇ ಕರೆದರು ಎನ್ನುತ್ತಿದ್ದಾರೆ.” ಅಧ್ಯಕ್ಷರ ಮುಖ ಅರಳಿತು. ಶಾಲೆಯಲ್ಲಿ ಹಿಂದಿ ಕಲಿತಿದ್ದರಿಂದ ಎರಡೂ ಮಾತು ತಿಳಿದ ಹಾಲವ್ವ ನೆಲ ನೋಡಿದಳು. ಮೈಲಾರಪ್ಪನವರಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೆ ಹಾಂ ಎಂದರೇನೆಂದು ಯಾರಿಗೆ ತಿಳಿಯದು? ಅವರು ಮಾಸ್ತರರ ಹೆಗಲ ಮೇಲೆ ಕೈಯಿಟ್ಟು, ಅಧ್ಯಕ್ಷರಿಗೆ ತಾವೇ ಹೇಳಿದರು.

“ನಹೀ ಸಾಹೇಬ. ನಹೀ.”

ಮನವಿ ಬಿದ್ದುಹೋಯಿತು. ಆ ಕೋಣೆಯಿಂದ ಹೊರಬಂದಾಗ ಮಾಸ್ತರರ ಕಣ್ಣಲ್ಲಿ ನೀರಿತ್ತು. “ಯಾಕ ಸರ?” ಎಂದರು.

“ಪೆಟ್ಟಾದಾಕಿ ಮ್ಯಾಲೆ ಒದಿ ಹಾಕಬ್ಯಾಡ್ರಿ ಅಂತ ಹುಡುಗ್ಯಾರಿಗೆ ಕಲಿಸಿ, ಈಗ ಆ ಒದಿ ತಡದಾಂವ ನಾ ಅಲ್ಲ ಅಂತ ಹ್ಯಾಂಗ ಹೇಳ್ಲಿ ಮಾಸ್ತರ?”

ಹಾಲವ್ವ ತಿರುಗಿ ನಿಂತಳು. “ಆಕಿಗೆ ಪೆಟ್ಟಾದದ್ದು ನಿಮಗ ಕಾಣಸ್ತು. ನನಗ ಪೆಟ್ಟಾದದ್ದು ಕಾಣಸವಲ್ದೇನ್ರೀ ಸರ?”

ಊರಿಗೆ ಬಂದ ಮೇಲೆ ಮೈಲಾರಪ್ಪನವರು ಯಾರದೋ ಆಮಿಷಕ್ಕೆ ಬಲಿಯಾದರೆಂದು ಪೇಟೆಯಲ್ಲಿ ಆಡಿಕೊಂಡರು. ರಟ್ಟೀಹಳ್ಳಿಯ ಹಾಲವ್ವನ ಮನೆಯ ಆ ಕಟ್ಟೆ ಅವರಿಗೆ ದೂರವಾಯಿತು. ಸಿಯೋಲ್ ಪಂದ್ಯಗಳು ನಡೆದ ದಿನಗಳಲ್ಲಿ ಅವರು ರೇಡಿಯೋ ಹಾಕಲಿಲ್ಲ. ಸಂಜೆ ಮಾತ್ರ ತಪ್ಪದೆ ಮೈದಾನಕ್ಕೆ ಬಂದು, ಉಳಿದ ನಾಲ್ಕಾರು ಮಕ್ಕಳಿಗೆ ಎಂದಿನಂತೆಯೇ ಪಾಠ ಮಾಡಿದರು. ನಿವೃತ್ತಿಯ ಮೇಲೂ ಆ ಸಂಜೆಯ ಪಾಠ ನಿಲ್ಲದು ಎಂದಿದ್ದಾರೆ. ಹಾಲವ್ವ ಮತ್ತೆ ಬರಲಿಲ್ಲ. ಅವಳೀಗ ಧಾರವಾಡದಲ್ಲಿ ದೈಹಿಕ ಶಿಕ್ಷಣದ ತರಬೇತಿ ಪಡೆಯುತ್ತಿದ್ದಾಳೆ.

ಇಂಥ ಗುರುವಿಗೆ ದೇವರು ಗಟ್ಟಿಯಾದ ಮಂಡಿಯನ್ನೂ ನಿಶ್ಚಿಂತೆಯ ನಿದ್ದೆಯನ್ನೂ ಕೊಡಲಿ, ಪಿಂಚಣಿಯ ದಿನಗಳು ಸೇವೆಯ ದಿನಗಳಿಗಿಂತ ಹೆಚ್ಚಾಗಲಿ ಎಂದು ಹಾರೈಸಿ ಈ ಬರಹವನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗ್ರಂಥದ ಸಮಿತಿಯವರು ಹಾಲವ್ವನಿಗೂ ಒಂದು ಲೇಖನ ಕೇಳಿದ್ದರು. ಅವಳು ಬರೆಯಲಾರೆನೆಂದಳು. ಕಳೆದ ವಾರ ಮಾತ್ರ, ಎಂಟನೆಯ ಇಯತ್ತೆಗೆ ಬರಲಿರುವ ತಂಗಿ ಸಿದ್ದವ್ವನ ಕೈ ಹಿಡಿದುಕೊಂಡು ಶಾಲೆಗೆ ಬಂದಳು. ಮೈಲಾರಪ್ಪನವರು ಮೈದಾನದಲ್ಲಿದ್ದರು. ಅವಳು ಅಲ್ಲಿಗೆ ಹೋಗಲಿಲ್ಲ. ತಂಗಿಯನ್ನು ಆ ಕಡೆ ಕಳಿಸಿ, ಶಿಕ್ಷಕರ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದ ಮಾತನ್ನು ಹೇಳಿದ ಹಾಗೆಯೇ ಇಲ್ಲಿ ಕೊಡಲಾಗಿದೆ.

“ಬರಕೊಳ್ರಿ. ಸರ್ ಮ್ಯಾಲಿನ ಸಿಟ್ಟು ನನಗ ಹೋಗಿಲ್ಲ, ಹೋಗೂದೂ ಇಲ್ಲ. ನಾಳೆ ನನ್ನ ತಂಗಿ ಗೆಲ್ಲೂ ಹೊತ್ತಿನ್ಯಾಗ ಎದುರಿನಾಕಿ ಕಾಲು ತಿರುಗಿದ್ರ, ಅವರು ಮತ್ತ ಹಂಗ ಒಳಗ ಹೋಗಿ ಕೈ ಎತ್ತತಾರ. ಅದು ಗೊತ್ತಿದ್ದೇ ನಾ ತಂಗೀನ್ನ ಅವರ ಕೈಯಾಗ ಕೊಟ್ಟೇನಿ.”